ಇನ್ನೊಂದು ಮಗ್ಗುಲು

"ಒಂದು ಸಲ ಚಾರ್ಜ್ ಮಾಡಿದ್ರೆ ಬೆಳಗ್ಗೆಯಿಂದ ಸಂಜೆವರೆಗೂ ಹಾಡ್ತಾನೇ ಇರುತ್ತೆ ಅಮ್ಮ. ನಿಲ್ಲೋ ಮಾತೇ ಇಲ್ಲ," ಎಂದು ಅಂಗಡಿಯವನು ಅಂಗೈಯಗಲದ ಕಪ್ಪು ಪೆಟ್ಟಿಗೆಯೊಂದನ್ನು ಗಾಜಿನ ಮೇಲಿಟ್ಟ.

ಟೈಲರಮ್ಮ ಅದನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದಳು. "ನಿಲ್ಲೋದೇ ಇಲ್ವಾ?"

"ಇಲ್ವೇ ಇಲ್ಲ. ಒಂದು ಹಾಡು ಮುಗೀತಾ, ಇನ್ನೊಂದು. ಕೊನೇದು ಮುಗಿದ್ರೆ ಮತ್ತೆ ಮೊದಲಿಂದ."

"ಹಾಗಾದ್ರೆ ಇದು ಬೇಡ. ಅರ್ಧ ಗಂಟೆಗೊಂದು ಸಲ ನಿಲ್ಲೋದಿದ್ರೆ ತೋರಿಸಿ."

ಅಂಗಡಿಯವನು ಟೈಲರಮ್ಮನ ಜೊತೆ ಬಂದಿದ್ದ ಮಗಳ ಮುಖ ನೋಡಿದ. ಹಾಡು ನಡುವೆ ನಿಂತುಹೋಗುತ್ತೆ ಅಂತ ಜಗಳಕ್ಕೆ ಬಂದವರನ್ನು ಅವನು ಬೇಕಾದಷ್ಟು ನೋಡಿದ್ದ. ನಿಲ್ಲುವುದೇ ಬೇಕು ಅಂತ ಬಂದ ಗಿರಾಕಿ ಇವಳೊಬ್ಬಳೇ ಇರಬೇಕು. ಮಗಳು ಶಾಲೆಯಲ್ಲಿ ಪಾಠ ಹೇಳುವವಳು. ಇಂಥದ್ದನ್ನು ಕೊಳ್ಳುವ ಮುಂಚೆ ಏನೇನು ನೋಡಬೇಕು ಅಂತ ನಾಲ್ಕು ಜನರನ್ನು ವಿಚಾರಿಸಿ, ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಕೈಗೆ ಭಾರವಾಗಬಾರದು, ಗುಂಡಿಗಳು ಬೆರಳಿಗೇ ತಿಳಿಯುವಂತಿರಬೇಕು, ದೊಡ್ಡದಾಗಿ ಇಟ್ಟರೂ ದನಿ ಒಡೆಯಬಾರದು, ಹಾಡುಗಳಿಗೆ ಜಾಗ ಧಾರಾಳವಾಗಿರಬೇಕು. ಅಮ್ಮನ ಈ ಒಂದು ಪ್ರಶ್ನೆ ಮಾತ್ರ ಅವಳ ಪಾಠದಲ್ಲಿರಲಿಲ್ಲ.

"ಅಮ್ಮ, ಸುಮ್ನಿರ್ತೀಯಾ? ನಿಲ್ಲೋ ಯಂತ್ರಕ್ಕೆ ಕೆಟ್ಟ ಯಂತ್ರ ಅಂತಾರೆ," ಎಂದು ಮಗಳು ದನಿ ತಗ್ಗಿಸಿ ಗದರಿದಳು.

"ನಮ್ಮನೇಲಿದ್ದದ್ದು ಕೆಟ್ಟದ್ದೇನೇ?"

ಮಗಳು ಗಾಜಿನೊಳಗಿನ ಬೇರೆ ಪೆಟ್ಟಿಗೆಗಳತ್ತ ಬಗ್ಗಿದಳು.

ಮನೆಯಲ್ಲಿದ್ದದ್ದು ಒಂದು ಹಳೇ ಟೇಪ್ ರೆಕಾರ್ಡರ್. ಮನೆಯ ಮುಂದಿನ ಕೋಣೆಯೇ ಅವರ ಹೊಲಿಗೆ ಅಂಗಡಿ. ಕಿಟಕಿಯ ಕಡೆ ಬಟ್ಟೆ ಕತ್ತರಿಸುವ ಉದ್ದನೆ ಮೇಜು, ಅಲ್ಲಿ ಟೈಲರಮ್ಮನ ಗಂಡ; ಅವರನ್ನು ಬೀದಿಯವರೆಲ್ಲ ಮಾಸ್ಟ್ರು ಎನ್ನುತ್ತಿದ್ದರು. ನಡುವೆ ಕಾಲಲ್ಲಿ ತುಳಿಯುವ ಮಿಷನ್, ಅಲ್ಲಿ ಇವಳು. ಬಟ್ಟೆಯ ಜೂಲು ಒಳಗೆ ಹೋದೀತು ಅಂತ ಟೇಪ್ ರೆಕಾರ್ಡರನ್ನು ಆಚೆ ತುದಿಯಲ್ಲಿ, ಬಾಗಿಲ ಪಕ್ಕದ ಹಲಗೆಯ ಮೇಲಿಟ್ಟಿದ್ದರು. ಕ್ಯಾಸೆಟ್ಟಿನ ಒಂದು ಸೈಡ್ ಮುಗಿದೊಡನೆ ಅದು ಟಕ್ಕೆಂದು ನಿಲ್ಲುತ್ತಿತ್ತು. ಮಾಸ್ಟ್ರು ಕತ್ತರಿ ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು, ಹೋಗಿ ಕ್ಯಾಸೆಟ್ ಮಗುಚಿ ಹಾಕಿ, ಮುಚ್ಚಳದ ಮೇಲೆ ಎರಡು ಬೆರಳಿಂದ ತಟ್ಟಿ ವಾಪಸಾಗುತ್ತಿದ್ದರು. ವಾಪಸಾಗುವಾಗ ಇವಳ ಮಿಷನ್ ಪಕ್ಕ ಒಂದು ಗಳಿಗೆ ನಿಂತು ಹೊಲಿಗೆ ನೋಡುವುದು, ಏನಾದರೊಂದು ಕೊಂಕು ತೆಗೆಯುವುದು. ಗಂಡ ಹೆಂಡತಿ ದಿನವೆಲ್ಲ ಒಂದೇ ಕೋಣೆಯಲ್ಲಿದ್ದರೂ ಕಣ್ಣೆತ್ತಿ ಮಾತಾಡುತ್ತಿದ್ದದ್ದು ಅಷ್ಟು ಹೊತ್ತು ಮಾತ್ರ. ಮೂತಿ ಊದಿಸಿಕೊಂಡ ದಿನಗಳಲ್ಲೂ ಅದು ತಪ್ಪುತ್ತಿರಲಿಲ್ಲ. ಮಾತು ಬಿಡಬಹುದು, ಕ್ಯಾಸೆಟ್ ಮಗುಚದೆ ಬಿಡಲಿಕ್ಕಾಗುತ್ತದೆಯೇ?

ಆ ಮನೆಯಲ್ಲಿ ಗಡಿಯಾರಕ್ಕಿಂತ ಕ್ಯಾಸೆಟ್ಟಿಗೇ ಹೆಚ್ಚು ಬೆಲೆ. ಗಿರಾಕಿ ಬಂದು ಅವಸರ ಮಾಡಿದರೆ, "ಕೂತ್ಕೊಳ್ಳಿ, ಈ ಸೈಡ್ ಮುಗಿಯೋಷ್ಟರಲ್ಲಿ ಕೊಡ್ತೀನಿ," ಅನ್ನುವಳು. ಕಾಲರ್ ಒಂದು ಸೈಡಿನ ಕೆಲಸ, ಕಾಜಾ ಗುಂಡಿ ಇನ್ನೊಂದರದ್ದು. ಮಗಳು ಓದಿ ಬೆಳೆದದ್ದೂ ಆ ಸದ್ದಿನಲ್ಲೇ. ಅದನ್ನು ನೆನೆದರೆ ಟೈಲರಮ್ಮನಿಗೆ ಈಗಲೂ ಎದೆ ತುಂಬಿ ಬರುತ್ತಿತ್ತು. ಆಗ ಅದೊಂದು ಸುಖ ಅಂತ ಯಾರಿಗೆ ಗೊತ್ತಿತ್ತು.

ಬೇಸಿಗೆಯ ಮೊದಲಲ್ಲಿ ಮಾಸ್ಟ್ರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಮೂಳೆ ಕೂಡಿತು. "ಇನ್ನು ನಡೀಬೇಕು. ಆಗಾಗ ಏಳ್ತಾ ಇರಬೇಕು. ಈಗ ಕೂತುಬಿಟ್ರೆ ಆಮೇಲೆ ಏಳೋಕೇ ಆಗಲ್ಲ," ಎಂದು ಡಾಕ್ಟರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು. ಮೊದಮೊದಲು ಎದ್ದರು ಕೂಡ. ಟಕ್ ಎಂದರೆ ಸಾಕು, ಕೋಲು ಹಿಡಿದು, ಬೈದುಕೊಳ್ಳುತ್ತ ಹಲಗೆಯವರೆಗೆ ಹೋಗಿ ಬರುತ್ತಿದ್ದರು. ಆದರೆ ಟೇಪ್ ರೆಕಾರ್ಡರ್ ಒಂದು ದಿನ ಕ್ಯಾಸೆಟ್ಟಿನ ರೀಲನ್ನೆಲ್ಲ ನುಂಗಿ ಮಲಗಿತು. ರಿಪೇರಿಯವನು ಬಿಚ್ಚಿ ನೋಡಿ, "ಇದರ ಬೆಲ್ಟು ಈಗ ಎಲ್ಲೂ ಸಿಗಲ್ಲ," ಎಂದು ಕೈ ಚೆಲ್ಲಿದ. ಮಾಸ್ಟ್ರೂ ಅದರ ಜೊತೆಗೇ ಕುರ್ಚಿಯಲ್ಲಿ ಕೂತುಬಿಟ್ಟರು.

ವ್ಯಾಯಾಮ ಮಾಡಿಸುವ ಹುಡುಗಿ ಬಂದರೆ "ನಾಳೆ ನೋಡೋಣಮ್ಮ". ಮಗಳು ಕೈ ಹಿಡಿದೆಬ್ಬಿಸಿದರೆ "ನೆಲ ಜಾರುತ್ತೆ". "ಕುಣೀಲಾರದವಳು ನೆಲ ಡೊಂಕು ಅಂದಳಂತೆ," ಎಂದು ಟೈಲರಮ್ಮ ಬಾಯಿ ತುಂಬ ಆಡಿಕೊಂಡರೂ ಒಳಗೊಳಗೇ ನಡುಗುತ್ತಿದ್ದಳು. ಆ ಮನುಷ್ಯನಿಗೆ ನೋವಿಗಿಂತ ಭಯ ಹೆಚ್ಚಾಗಿದೆ ಅಂತ ಅವಳಿಗೆ ಗೊತ್ತಿತ್ತು. ಭಯ ಅಂತ ಅವರು ಸತ್ತರೂ ಒಪ್ಪುವವರಲ್ಲ ಅನ್ನುವುದೂ ಗೊತ್ತಿತ್ತು.

"ಅಪ್ಪಂಗೆ ಬೇಜಾರಾಗಿದೆ ಅಷ್ಟೆ. ಹಾಡು ಬಂದ್ರೆ ಎಲ್ಲ ಸರಿಹೋಗುತ್ತೆ," ಎಂದು ಮಗಳು ಈ ಅಂಗಡಿಗೆ ಎಳೆದುಕೊಂಡು ಬಂದಿದ್ದಳು.

"ನಿಮ್ಮಪ್ಪ ಏಳ್ತಿದ್ದದ್ದು ಹಾಡಿಗಲ್ಲ ಕಣೇ. ಹಾಡು ನಿಂತದ್ದಕ್ಕೆ," ಎಂದು ಟೈಲರಮ್ಮ ಈಗ ಹೇಳಿ ನೋಡಿದಳು.

"ಏನಮ್ಮ ನೀನು," ಎಂದ ಮಗಳು ಅಂಗಡಿಯವನ ಕಡೆ ತಿರುಗಿದಳು. "ರಿಮೋಟ್ ಇರೋದು ಯಾವುದಿದೆ? ಅಪ್ಪ ಕೂತಲ್ಲಿಂದಲೇ ಎಲ್ಲ ಮಾಡೋ ಹಾಗಿರಲಿ. ಏಳೋ ತೊಂದರೆ ಬೇಡ."

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವುದು ಇದಕ್ಕೇ ಇರಬೇಕು. ಆದರೆ ಮಗಳ ಮುಖದಲ್ಲಿ ಅಷ್ಟು ಆಸೆಯಿತ್ತು. ರಿಮೋಟ್ ಇದ್ದದ್ದೇ ಮನೆಗೆ ಬಂತು.

ಮಾಸ್ಟ್ರಿಗೆ ಅದು ಹಿಡಿಸಿಬಿಟ್ಟಿತು. ಮಗಳು ಅವರಿಷ್ಟದ ಹಳೇ ಹಾಡುಗಳನ್ನೆಲ್ಲ ಹುಡುಕಿ ತುಂಬಿಸಿದ್ದಳು. ಅದನ್ನು ತೊಡೆಯ ಮೇಲಿಟ್ಟುಕೊಂಡು, ರಿಮೋಟನ್ನು ಹೆಬ್ಬೆರಳಲ್ಲಿ ಒತ್ತುತ್ತ, ಕಣ್ಣು ಮುಚ್ಚಿ ಕೂತರೆ ಊಟಕ್ಕೆ ಕೂಗುವವರೆಗೆ ಅಲುಗುತ್ತಿರಲಿಲ್ಲ. ಮಧ್ಯಾಹ್ನ ಮಗಳು ಫೋನ್ ಮಾಡಿದಾಗ, "ಬಂಗಾರದಂಥ ವಸ್ತು ಕಣಮ್ಮ," ಎಂದರು. ಮಗಳು ಖುಷಿಯಿಂದ ಅತ್ತೇಬಿಟ್ಟಳು. ಟೈಲರಮ್ಮ ಮಿಷನ್ ತುಳಿಯುತ್ತ, ಗಂಡನ ಕಾಲುಗಳನ್ನೇ ನೋಡುತ್ತಿದ್ದಳು. ಪಾದ ಊದಿಕೊಂಡಿತ್ತು.

"ಹೇಗಿದೆ ರೀ?" ಎಂದು ಕೇಳಿದಳು.

"ಚೆನ್ನಾಗಿದೆ. ಆದ್ರೆ ಹಾಡೆಲ್ಲ ಸಾಲು ತಪ್ಪಿವೆ. ಒಂದು ಮುಗಿದಾಗ ಮುಂದಿನದು ಇದೇ ಅಂತ ಬಾಯಿಗೆ ಬಂದಿರುತ್ತೆ, ಅದು ಇನ್ನೇನೋ ಶುರು ಮಾಡುತ್ತೆ." ರಿಮೋಟನ್ನು ಇನ್ನೊಮ್ಮೆ ಒತ್ತಿ ಅಂದರು, "ಎಲ್ಲಿಗೆ ಬಂದಿದೀವಿ ಅಂತಲೇ ಗೊತ್ತಾಗಲ್ಲ ಇದರಲ್ಲಿ."

ಮೂರನೇ ಬೆಳಗ್ಗೆ ಅವರು ಮುಖ ತೊಳೆಯಲು ಪಾತ್ರೆ ತರಿಸಿಕೊಂಡಿದ್ದಾಗ ಟೈಲರಮ್ಮ ಪೆಟ್ಟಿಗೆಯನ್ನು ಎತ್ತಿ ಬಾಗಿಲ ಪಕ್ಕದ ಹಲಗೆಯ ಮೇಲಿಟ್ಟಳು. ರಿಮೋಟನ್ನು ಮಿಷನ್ನಿನ ಡ್ರಾಯರಿನಲ್ಲಿ ದಾರದುಂಡೆಗಳ ನಡುವೆ ಹಾಕಿದಳು.

"ಅದೆಲ್ಲಿ?"

"ತೊಡೆ ಮೇಲೆ ಬಿಸಿಯಾಗುತ್ತೆ ಅಂತ ಅಲ್ಲಿಟ್ಟೆ. ರಿಮೋಟಿನ ಸೆಲ್ ಮುಗಿದಿದೆ. ಸಂಜೆ ಮಗಳು ತರ್ತಾಳೆ." ಸುಳ್ಳು ಹೇಳಿ ಅಭ್ಯಾಸವಿಲ್ಲದ್ದರಿಂದ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ಬಗ್ಗಿಸಿದಳು.

ಹಾಡು ಶುರುವಾಯಿತು. ಒಂದಾದ ಮೇಲೊಂದು ಹೋಗುತ್ತಿತ್ತು. ಅವಳು ಒಂದು ಅಂಗಿಯ ಕಾಲರ್ ಕೈಗೆತ್ತಿಕೊಂಡಳು. ಕಾಲರಿನ ಕೊನೆಯ ಮೂಲೆಗೆ ಬಂದಾಗ, ಅಂದರೆ ಹಳೆಯ ಲೆಕ್ಕದಲ್ಲಿ ಒಂದು ಸೈಡ್ ಮುಗಿಯುವ ಹೊತ್ತಿಗೆ, ಎಡಗೈಯನ್ನು ಡ್ರಾಯರಿಗೆ ಬಿಟ್ಟು ಗುಂಡಿ ಒತ್ತಿದಳು. ಹಾಡು ನಡುವೆಯೇ ನಿಂತಿತು.

ಕೋಣೆಯಲ್ಲಿ ಮಿಷನ್ ಸದ್ದೊಂದೇ ಉಳಿಯಿತು.

"ನಿಂತುಹೋಯ್ತು ನೋಡೇ," ಎಂದರು ಮಾಸ್ಟ್ರು.

"ಕಾಲರ್ ಕೂರಿಸ್ತಿದೀನಿ. ಕೈ ಬಿಟ್ರೆ ಕೆಟ್ಟುಹೋಗುತ್ತೆ."

ತಾನೇ ಎದ್ದು ಹೋಗಿ ಒತ್ತಿಬಿಡಲೇ, ಹೀಗೆ ಸತಾಯಿಸುವುದು ಪಾಪವಲ್ಲವೇ ಅಂತ ಅವಳಿಗೆ ಅನ್ನಿಸಿತು. ಅವರು ಎದ್ದು ಬಿದ್ದರೆ ಯಾರಿಗೆ ಏನು ಹೇಳಲಿ ಅಂತಲೂ ಅನ್ನಿಸಿತು. ಹಲ್ಲು ಕಚ್ಚಿಕೊಂಡು ಮಿಷನ್ ತುಳಿದಳು. ಎಷ್ಟೋ ಹೊತ್ತಿನ ಮೇಲೆ ಕುರ್ಚಿ ಕಿರ್ರೆಂದಿತು. ಕೋಲು ನೆಲಕ್ಕೆ ತಾಗಿತು. ಆಮೇಲೆ ಮತ್ತೆ ಸದ್ದಿಲ್ಲ. ಬಿದ್ದರೇನೋ ಎಂದು ಜೀವ ಬಾಯಿಗೆ ಬಂದರೂ ಅವಳು ತಲೆಯೆತ್ತಲಿಲ್ಲ. ಎತ್ತಿದರೆ ಅವರು ಕೂತುಬಿಡುತ್ತಾರೆ. ಕೊನೆಗೆ ಕೋಲಿನ ಸದ್ದು ಇನ್ನೊಮ್ಮೆ, ಮತ್ತೊಮ್ಮೆ ಕೇಳಿ, ಅವಳ ಬೆನ್ನ ಹಿಂದಿನಿಂದ ಹಾದು ಬಾಗಿಲ ಕಡೆ ಹೋಯಿತು.

ಆಗ ಓರೆಗಣ್ಣಲ್ಲಿ ನೋಡಿದಳು. ಮಾಸ್ಟ್ರು ಹಲಗೆಗೆ ಒರಗಿ ನಿಂತಿದ್ದರು. ಉಸಿರು ಮೇಲೆ ಬಂದಿತ್ತು. ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡು ಮುಚ್ಚಳ ಎಲ್ಲಿ ಅಂತ ಬೆರಳಾಡಿಸಿದರು. ಮುಚ್ಚಳವಿರಲಿಲ್ಲ. ಒಂದು ಗಳಿಗೆ ಅದನ್ನೇ ನೋಡುತ್ತ ನಿಂತರು. ನಂತರ ಅದನ್ನು ಮಗುಚಿ, ಬೋರಲಾಗಿ ಹಲಗೆಯ ಮೇಲಿಟ್ಟು, ಎರಡು ಬೆರಳಿಂದ ಮೆಲ್ಲಗೆ ತಟ್ಟಿದರು.

ಟೈಲರಮ್ಮನ ಕೈ ಡ್ರಾಯರಿನಲ್ಲಿ ತಡಕಾಡಿತು. ಗುಂಡಿ ಸಿಕ್ಕಿತು. ನಿಂತ ಹಾಡು, ನಿಂತ ಸಾಲಿನಿಂದಲೇ, ಕಂಬಳಿಯೊಳಗಿಂದ ಬಂದಂತೆ ಮತ್ತೆ ಶುರುವಾಯಿತು.

ಮಾಸ್ಟ್ರು ಕುರ್ಚಿಗೆ ಮರಳಲಿಲ್ಲ. ಕೋಲೂರಿಕೊಂಡು ಬಂದು ಮಿಷನ್ ಪಕ್ಕ ನಿಂತು, ಬಗ್ಗಿ ಕಾಲರ್ ನೋಡಿದರು.

"ಹೊಲಿಗೆ ಓಡಿದೆ."

ಓಡಿತ್ತು. ಮೂಲೆ ದಾಟಿ ಅಂಗಿಯ ತೋಳಿನವರೆಗೂ ಹೋಗಿತ್ತು. ಅವಳಿಗೆ ಕಣ್ಣು ಮಂಜಾಗಿ ಅದೂ ಸರಿಯಾಗಿ ಕಾಣಲಿಲ್ಲ.

"ಆ ಡ್ರಾಯರ್ ಮುಚ್ಚು," ಎಂದರು ಮಾಸ್ಟ್ರು, ಕೋಲನ್ನು ಮತ್ತೊಂದು ಕೈಗೆ ಬದಲಿಸಿಕೊಳ್ಳುತ್ತ. "ಈ ಸೈಡ್ ಮುಗಿದಾಗ ತೆಗೆದ್ರೆ ಸಾಕು."

ಅವಳು ಮೊಣಕಾಲಿನಿಂದ ಡ್ರಾಯರ್ ಒಳಕ್ಕೆ ತಳ್ಳಿ, ಕಾಲರನ್ನು ಬೆಳಕಿಗೆ ಹಿಡಿದು, ಒಂದೊಂದೇ ಹೊಲಿಗೆ ಬಿಚ್ಚತೊಡಗಿದಳು.