ತಾಮೂ ಮುಖ ಬಲ್ಲ ಇಬ್ಬರು ಗಂಡಸರು

ಸಫ್ರೂ ಪೇಟೆಯ ತಾಮೂಗೆ ಅರವತ್ತೆಂಟು ವರ್ಷ. ಅಷ್ಟೂ ವರ್ಷ ಜೋಪಾನ ಮಾಡಿಕೊಂಡು ಬಂದ ಮರ್ಯಾದೆಯೇ ಆ ಬೆಳಿಗ್ಗೆ ಅವಳ ಕುತ್ತಿಗೆಗೆ ಬಂತು.

ವಿಷಯ ಇಷ್ಟೆ. ಹನ್ನೊಂದಕ್ಕೆ ಫೆಸ್ ಊರಿಗೆ ಬಸ್ಸು. ಮಾರನೇ ದಿನ ಅಲ್ಲಿನ ಆಸ್ಪತ್ರೆಯಲ್ಲಿ ಅವಳ ಹೊಟ್ಟೆಯ ಗಡ್ಡೆಗೆ ಆಪರೇಷನ್. ಬದುಕಿ ಬಂದರೆ ಸರಿ, ಬರದಿದ್ದರೆ ಮನೆ ಸೀದಾ ಮೆಕ್ನೆಸ್‌ನಲ್ಲಿರುವ ಅಣ್ಣನ ಮಗನಿಗೆ. ಹಬ್ಬಕ್ಕೂ ಈ ಕಡೆ ತಲೆ ಹಾಕದ ಮಹಾನುಭಾವ ಅವನು. ಎರಡು ವರ್ಷದ ಕೂಸಾಗಿದ್ದಾಗ ಎತ್ತಿ ತಂದು, ಜಲ್ಲಾಬ ಅನ್ನೋ ನಿಲುವಂಗಿಗೆ ರೇಷ್ಮೆ ಗುಂಡಿ ಹೆಣೆದು ತಾಮೂ ಸಾಕಿದ ಹ್ನಿಯಾ ಬೀದಿಪಾಲು. ಸಾಕುಮಗಳಿಗೆ ಆಸ್ತಿಯಲ್ಲಿ ಪಾಲಿಲ್ಲ ನೋಡಿ. ಅದಕ್ಕೇ ಹೊರಡುವ ಮುಂಚೆ ಮನೆಯನ್ನು ಹುಡುಗಿಗೆ ದಾನಪತ್ರ ಮಾಡಿಬಿಡೋಣವೆಂದು, ಪತ್ರ ಬರೆಯುವ ಅದೂಲರ ಅಂಗಡಿಯ ಚಾಪೆಯ ಮೇಲೆ ಮುಖಕ್ಕೆ ಮುಸುಕು ಹಾಕಿಕೊಂಡು ಬಂದು ಕೂತಿದ್ದಳು.

ಅದೂಲರು ಇಬ್ಬರು. ಹಿರಿಯ ಮುಫದ್ದಲ್ ಕೇಳುವವರು, ಕಿರಿಯವನು ಬರೆಯುವವನು.

“ನೀವೇ ತಾಮೂ ಅನ್ನೋದಕ್ಕೆ ಏನಾಧಾರ, ಲಲ್ಲಾ?” ಎಂದರು ಮುಫದ್ದಲ್, ಹೆಂಗಸರಿಗೆ ಸಲ್ಲುವ ಗೌರವದ ಮಾತು ಬಿಡದೆ.

“ನಾನೇ ಹೇಳ್ತಿದೀನಲ್ಲ.”

“ಹಾಗೆ ಎಲ್ಲರೂ ಹೇಳ್ತಾರೆ. ಗುರುತಿನ ಚೀಟಿ ಎಲ್ಲಿ?”

“ಮಾಡ್ಸಿಲ್ಲ. ಕಂಡಕಂಡೋರಿಗೆ ಮುಖ ತೋರ್ಸಿ ಫೋಟೋ ತೆಗೆಸ್ಕೊಳ್ಳೋಕೆ ನಾನೇನು ಸಿನಿಮಾದೋಳಾ?”

“ಹಾಗಾದ್ರೆ ನಿಮ್ಮ ಮುಖ ಬಲ್ಲ ಇಬ್ಬರು ಗಂಡಸರು ಬೇಕು. ಸಂಬಂಧಿಕರು ಆಗಲ್ಲ. ಮುಖ ನೋಡಿ ಇವರೇ ತಾಮೂ ಅಂತ ಸಾಕ್ಷಿ ಹೇಳ್ಬೇಕು.”

ಅದೇನು ಮಹಾ, ನಲವತ್ತು ವರ್ಷ ಒಂದೇ ಓಣಿಯಲ್ಲಿದ್ದೀನಿ ಅಂದುಕೊಂಡಳು ತಾಮೂ. ಜೊತೆಗೆ ಬಂದಿದ್ದ ಹ್ನಿಯಾ ಓಡಿಹೋಗಿ ಇಬ್ಬರನ್ನು ಕರೆತಂದಳು.

ಮೊದಲನೆಯವನು ಬುಷ್ತಾ. ಕೂದಲು ಕತ್ತರಿಸುತ್ತಾನೆ, ಹಲ್ಲೂ ಕೀಳುತ್ತಾನೆ. ಕೈಗೆ ಹತ್ತಿದ ಸೋಪಿನ ನೊರೆಯನ್ನು ಅಂಗಿಗೇ ಒರೆಸಿಕೊಂಡು ಒಳಗೆ ಬಂದ.

“ಮುಖ ನೆನಪಿಲ್ಲ, ಲಲ್ಲಾ. ಹಲ್ಲು ಕಿತ್ತ ದಿನ ನೀವು ಕೂಗಿದ ಕೂಗಿಗೆ ನಾನೇ ಕಣ್ಮುಚ್ಚಿಕೊಂಡಿದ್ದೆ. ಎಲ್ಲಿ, ಬಾಯಿ ತೆಗೀರಿ.”

ತಾಮೂ ಮುಸುಕು ಸರಿಸಿ ಬಾಯಿ ತೆರೆದಳು. ಬುಷ್ತಾ ಬಗ್ಗಿ ನೋಡಿದ.

“ಎಡಗಡೆ, ಕೆಳಗೆ, ಹಿಂದಿನಿಂದ ಎರಡನೇದು. ಅರ್ಧ ಬೇರು ಒಳಗೇ ಇದೆ. ನನ್ನ ಕೆಲಸವೇ, ಅನುಮಾನ ಬೇಡ.”

“ಅರ್ಧ ಒಳಗೇ ಇದೆ ಅಂತ ಇಪ್ಪತ್ತು ವರ್ಷದಿಂದ ಯಾಕೋ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ.”

“ಬಾಯಿ ಮುಖದಲ್ಲೇ ಇದೆಯಲ್ಲ, ಬರ್ಕೋ,” ಎಂದರು ಮುಫದ್ದಲ್ ಕಿರಿಯವನಿಗೆ.

ಎರಡನೆಯವರು ಹಾಜಿ ಅಲ್ಲಾಲ್. ಹೆಂಡತಿ ತೀರಿಕೊಂಡ ಮುದುಕರು, ತಾಮೂ ಮನೆಗೂ ಅವರ ಮನೆಗೂ ಒಂದೇ ಗೋಡೆ. ಓಣಿಯ ತಂಟೆಯೆಲ್ಲ ಅವರ ಬಾಗಿಲಿಗೆ ಬಂದು ತೀರ್ಮಾನವಾಗುತ್ತಿತ್ತು, ಅಷ್ಟು ಗಂಭೀರ ಆಸಾಮಿ. ಓಣಿಯಲ್ಲಿ ತಾಮೂ ಎದುರಾದರೆ ಗೋಡೆಗೆ ತಿರುಗಿ, ಅವಳು ದಾಟುವವರೆಗೂ ಅಲ್ಲಾಡುತ್ತಿರಲಿಲ್ಲ. ಒಮ್ಮೆ ಒಲೆಯ ಬೆಂಕಿ ಹತ್ತಿ ಅವಳ ಗಲ್ಲ ಸುಟ್ಟಿತ್ತು. ಆ ಕೆಟ್ಟ ಮುಖಕ್ಕೆ ಹೇಸಿಯೇ ಹೀಗೆ ತಿರುಗುತ್ತಾರೆಂದು ತಾಮೂ ನಂಬಿದ್ದಳು. ಯಾರಿಗೂ ಹೇಳಿರಲಿಲ್ಲ, ಆದರೆ ಪ್ರತಿ ಸಲವೂ ಮುಸುಕನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಳ್ಳುತ್ತಿದ್ದಳು.

“ಇವರ ಮುಖ ಬಲ್ಲಿರಾ?” ಎಂದು ಮುಫದ್ದಲ್ ಕೇಳಿದರು.

“ಶಿವ ಶಿವಾ” ಅನ್ನುವ ಧಾಟಿಯಲ್ಲಿ ಹಾಜಿ ದೇವರ ಹೆಸರು ಹಿಡಿದರು. “ಪಕ್ಕದ ಮನೆ ಹೆಣ್ಮಗಳ ಮುಖ ನೋಡೋದೇ? ಕೆಮ್ಮು ಗೊತ್ತು, ಚಪ್ಪಲಿ ಸದ್ದು ಗೊತ್ತು, ಬೈಗುಳ ಅಂತೂ ಬಾಯಿಪಾಠ.”

“ಕೆಮ್ಮಿಗೆಲ್ಲ ಪತ್ರ ಬರೆಯೋಕಾಗಲ್ಲ, ಹಾಜಿ.”

ಹತ್ತೂವರೆ ಆಗಿತ್ತು. ತಾಮೂಗೆ ಮೈಯೆಲ್ಲ ಉರಿದುಹೋಯಿತು.

“ನಿಮ್ಮ ಸಭ್ಯತೆಗಿಷ್ಟು ಬೆಂಕಿ ಬೀಳ್ಲಿ. ನಾಳೆ ನಾನು ಸತ್ರೆ ಈ ಹುಡುಗಿ ಎಲ್ಲಿ ಮಲಗ್ತಾಳೆ? ನಿಮ್ಮ ಸಭ್ಯತೆ ಹೊದ್ಕೊಂಡು ಮಲಗ್ತಾಳಾ?”

ಹ್ನಿಯಾ ಸದ್ದಿಲ್ಲದೆ ಕಣ್ಣೊರೆಸಿಕೊಂಡಳು. ಹಾಜಿ ಅದನ್ನು ನೋಡಿದರು. ಆಮೇಲೆ ಚಾಪೆಯ ಕಡೆ ನೋಡುತ್ತಾ, “ಗಲ್ಲದ ಎಡಗಡೆ ಸುಟ್ಟ ಕಲೆ ಇದೆ,” ಎಂದರು. “ನಗುವಾಗ ಬಲಗಣ್ಣು ಮೊದಲು ಮುಚ್ಚುತ್ತೆ.”

ಕಿರಿಯವನು ಬರೆಯುವುದು ಬಿಟ್ಟು ಕತ್ತೆತ್ತಿದ.

“ಯಾವಾಗ ನೋಡಿದ್ದು?” ಎಂದರು ಮುಫದ್ದಲ್.

“ಮೂವತ್ತಾರು ವರ್ಷದ ಹಿಂದೆ, ಇವರ ಮಾಳಿಗೆ ಮೇಲೆ ಒಲೆಯಿಂದ ಬೆಂಕಿ ಹತ್ತಿಕೊಂಡ ದಿನ. ಕಂಬಳಿ ಎಸೆದು ಆರಿಸಿದ್ದು ನಾನೇ. ಅವತ್ತೊಂದೇ ಸಲ.”

“ಬೆಂಕಿ ಹತ್ತಿದಾಗ ಇವರು ನಗ್ತಿದ್ರಾ?”

ಹಾಜಿ ಗಂಟಲು ಸರಿಮಾಡಿಕೊಂಡರು. “ಆಮೇಲೂ ಒಂದೆರಡು ಸಲ ಕಂಡಿರಬಹುದು. ನಮ್ಮ ಮಾಳಿಗೆಯಿಂದ. ಸೋರ್ತಿತ್ತು, ರಿಪೇರಿಗೆ ಹತ್ತುತ್ತಿದ್ದೆ.”

“ಹೌದೌದು,” ಎಂದ ಬುಷ್ತಾ. “ಪ್ರತಿ ಬೇಸಿಗೆ ಸುಣ್ಣದ ಬಕೆಟ್ ಹಿಡ್ಕೊಂಡು ಹತ್ತೋರು. ಒಂದು ಹನಿ ಮಳೆಯಿಲ್ಲದೆ ಅದು ಹೇಗೆ ಸೋರ್ತಿತ್ತೋ, ಇವತ್ತು ತಿಳೀತು.”

ಸಂಜೆಯೊಳಗೆ ಈ ಸುದ್ದಿ ಬುಷ್ತಾನ ಅಂಗಡಿಯಿಂದ ಊರೆಲ್ಲ ಸುತ್ತುತ್ತದೆ. ಅದು ಗೊತ್ತಿದ್ದೇ ಹಾಜಿ ಬಾಯಿಬಿಟ್ಟಿದ್ದರು. ತಾಮೂ ಸಿಟ್ಟಿಗೇಳಬೇಕೆಂದುಕೊಂಡಳು, ಬೈಗುಳ ಹುಡುಕಿದಳು, ಒಂದೂ ಸಿಗಲಿಲ್ಲ.

“ಮತ್ತೆ ಓಣಿಯಲ್ಲಿ ಗೋಡೆಗೆ ಯಾಕೆ ತಿರುಗ್ತಿದ್ರಿ?”

“ನನ್ನ ಮುಖ ನೋಡಿದ್ರೆ ನಿಮಗೆ ಗೊತ್ತಾಗಿಬಿಡೋದು, ಲಲ್ಲಾ.”

ಮುಫದ್ದಲ್ ಕೆಮ್ಮಿದರು. ಕಾನೂನು ಕಾನೂನೇ, ಸಾಕ್ಷಿ ಈಗ ನೋಡಿ ಹೇಳಬೇಕು. ತಾಮೂ ಮುಸುಕು ಪೂರ್ತಿ ತೆಗೆದಳು. ಹಾಜಿ ಕತ್ತೆತ್ತಿದರು. ಆ ಗಂಭೀರ ಮುಖ ಕಿವಿಯವರೆಗೂ ಕೆಂಪಾದದ್ದು ಕಂಡು, ಬೇಡವೆಂದರೂ ಅವಳಿಗೆ ನಗು ಬಂದೇಬಿಟ್ಟಿತು.

“ಇವರೇ,” ಎಂದರು ಹಾಜಿ.

ಹ್ನಿಯಾ ಹೆಸರಿಗೆ ದಾನಪತ್ರ ಸಿದ್ಧವಾಯಿತು. ತಾಮೂ ಹೆಬ್ಬೆಟ್ಟು ಒತ್ತುವ ಮುಂಚೆ ಕಿರಿಯವನು ಪತ್ರವನ್ನು ಗಟ್ಟಿಯಾಗಿ ಓದಿದ: ಮನೆಯ ನಾಲ್ಕು ಎಲ್ಲೆ, ಬಾಗಿಲ ದಿಕ್ಕು, ಕೊನೆಗೆ, “ಸಾಕ್ಷಿದಾರ ಅಲ್ಲಾಲ್ ಈ ತಾಮೂ ಎಂಬುವರನ್ನು ಮೂವತ್ತಾರು ವರ್ಷದಿಂದ ಕಣ್ಣಾರೆ ಬಲ್ಲರು. ಅವರಿಗೆ ಯಾವ ಸಂಶಯವೂ ಇಲ್ಲ.”

“ತಿದ್ದೋದು ಏನಾದ್ರೂ ಇದೆಯಾ?” ಎಂದರು ಮುಫದ್ದಲ್.

ಹ್ನಿಯಾ ಗಂಟು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಳು. “ಅಮ್ಮಾ, ಬಸ್ಸು.”

“ಕಾಯ್ಲಿ ಬಿಡು,” ಎಂದಳು ತಾಮೂ. ಆಮೇಲೆ ಕಿರಿಯವನ ಕಡೆ ತಿರುಗಿ, “ಆ ಕೊನೇ ಸಾಲು ಇನ್ನೊಂದ್ಸಲ ಓದಪ್ಪಾ,” ಎಂದಳು.