ಕಾಲರ್ ಒಳಗಿನ ಗುರುತು

"ನೋಡಿ ಮೇಷ್ಟ್ರೇ, ಏಳನೇ ಕ್ಲಾಸು ದಾಟೋಕಾಗದ ಮಹಾನುಭಾವ, ನಾನು ಹಾಸಿಗೆ ಹಿಡಿಯೋದಕ್ಕೆ ಈಗಲೇ ಪ್ಲಾನ್ ಹಾಕಿದ್ದಾನೆ! ಇಂಥ ಗೂಬೇನ ಅನ್ನ ಹಾಕಿ ಸಾಕಿದ್ದೀನಲ್ಲ, ನನ್ನ ಬುದ್ಧಿಗೆ ಏನು ಹೇಳೋಣ!"

ಅತ್ತೆ ನನ್ನ ನೋಟ್‌ಬುಕ್ಕನ್ನು ಲಾಂಡ್ರಿಯ ಕೌಂಟರಿನ ಮೇಲೆ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಿದ್ದಳು. ಅವಳಿಗೆ ಓದು ಬರಹ ಬಾರದು. ಮೊದಲ ಪುಟವನ್ನು ಓದಿ ಹೇಳಿದ್ದು ಬಟ್ಟೆ ಕೊಡಲು ಬಂದಿದ್ದ ನರ್ಸಮ್ಮ. 'ಅತ್ತೆಗೆ ಹುಷಾರು ತಪ್ಪಿದರೆ' ಎಂದು ಅದರಲ್ಲಿ ಬರೆದಿದ್ದೆ. ಎರಡನೇ ಪುಟ, ನೀರು ನಿಂತರೆ. ಮೂರನೇ ಪುಟ, ಕರೆಂಟು ಹೋದರೆ. ಅವೆರಡನ್ನು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ.

ನಿಂತಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಹೆಡ್‌ಮೇಷ್ಟ್ರು. ನನ್ನನ್ನು ಶಾಲೆಯಿಂದ ಓಡಿಸಿದವರು ಅವರೇ. ಬೋರ್ಡಿನ ಮೇಲೆ ಅವರು ಮಾಡಿದ ತಪ್ಪನ್ನು ನಾನು ಎದ್ದು ನಿಂತು ತೋರಿಸಿದ್ದೆ. ತಪ್ಪು ಬೋರ್ಡಿನ ಮೇಲೆ ಉಳಿಯಿತು, ನಾನು ಬೀದಿಗೆ ಬಂದೆ. ಅಂದಿನಿಂದ ಅತ್ತೆಯ ಇಸ್ತ್ರಿ ಪೆಟ್ಟಿಗೆ ನನ್ನ ಕೈಯಲ್ಲಿದೆ, ಕೆಂಡ ನನ್ನ ಹೊಟ್ಟೆಯಲ್ಲಿದೆ.

ನಾನು ಪುಸ್ತಕ ಬರೆದದ್ದು ಸುಮ್ಮನೆ ಅಲ್ಲ. ಬೀದಿಯ ಮೂಲೆಯಲ್ಲಿ ಬೀಗದ ಕೈ ಮಾಡುವವನಿದ್ದ. ಎರಡು ತಿಂಗಳು ಆಸ್ಪತ್ರೆಯಲ್ಲಿ ಮಲಗಿದ. ಯಾವ ಬೀಗ ಯಾರದೆಂದು ಅವನ ತಮ್ಮನಿಗೆ ತಿಳಿಯಲಿಲ್ಲ. ಈಗ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ನಮ್ಮ ಗತಿ ಅದಕ್ಕಿಂತ ಕಡೆ. ಎಪ್ಪತ್ತು ಮನೆಯ ಬಟ್ಟೆ ನಮ್ಮಲ್ಲಿಗೆ ಬರುತ್ತದೆ, ಬಿಳಿ ಅಂಗಿಯೆಲ್ಲ ನೋಡಲು ಒಂದೇ. ಗುರುತಿಗೆಂದು ಅತ್ತೆ ಕಾಲರಿನ ಒಳಗೆ ಬಣ್ಣದ ದಾರದಲ್ಲಿ ನಾಲ್ಕಾರು ಹೊಲಿಗೆ ಹಾಕುತ್ತಾಳೆ. ಯಾವ ಗುರುತು ಯಾರದೆಂದು ಅವಳ ತಲೆಗೆ ಮಾತ್ರ ಗೊತ್ತು. ಕೇಳಿದರೆ, "ನಾನಿದ್ದೀನಲ್ಲ, ನಿಂಗ್ಯಾಕೋ?" ಎನ್ನುತ್ತಿದ್ದಳು.

ಹೇಳದಿರುವುದಕ್ಕೆ ಬೇರೆಯೇ ಕಾರಣವಿತ್ತು. ಮೂರು ತಿಂಗಳು ಕದ್ದು ನೋಡಿ, ಒಂದೊಂದೇ ಗುರುತನ್ನು ಪುಸ್ತಕದಲ್ಲಿ ಬಿಡಿಸಿಕೊಳ್ಳುವಾಗ ಅದು ಹೊಳೆಯಿತು. ಸದಾ ಓಡುವ ನರ್ಸಮ್ಮನಿಗೆ ಇರುವೆಯ ಸಾಲು. ಕೈ ಬಿಚ್ಚದ ದಲ್ಲಾಳಿಗೆ ಗಂಟಿನ ಮೇಲೆ ಗಂಟು. ಹೆಡ್‌ಮೇಷ್ಟ್ರಿಗೆ ದೊಡ್ಡ ಕೆಂಪು ವೃತ್ತ, ಅಂದರೆ ಎಂದೂ ಮುಚ್ಚದ ಬಾಯಿ. ಊರಿನ ಬಗ್ಗೆ ಅತ್ತೆಗಿದ್ದ ಅಭಿಪ್ರಾಯವನ್ನೆಲ್ಲ ಊರೇ ಕುತ್ತಿಗೆಗೆ ಸುತ್ತಿಕೊಂಡು ತಿರುಗುತ್ತಿತ್ತು! ಇದು ಹೊರಬಿದ್ದರೆ ಗಿರಾಕಿಗಳೆಲ್ಲ ಎದುರಿನ ಮೆಷಿನ್ ಲಾಂಡ್ರಿಗೆ ಸಾಲುಗಟ್ಟುತ್ತಿದ್ದರು. 'ಬಟ್ಟೆ ಬದಲಾದರೆ ಹಣ ವಾಪಸ್' ಎಂದು ಅವರು ಆಗಲೇ ಬೋರ್ಡು ಹಾಕಿದ್ದರು.

ಬೈದ ಮೂರನೇ ದಿನಕ್ಕೆ, ಗುರುವಾರ, ಅತ್ತೆಗೆ ಹುಷಾರು ತಪ್ಪಿತು. ಎರಡು ದವಡೆ ಹಲ್ಲು ಕೀಳಿಸಿಕೊಂಡು ಬಂದಳು. ಮುಖ ಕುಂಬಳಕಾಯಿಯಾಯಿತು, ಜ್ವರ ಏರಿತು, ಬಾಯಿ ತುಂಬ ಹತ್ತಿ. ಮೂರು ದಿನ ತುಟಿ ಬಿಚ್ಚಬಾರದೆಂದು ಡಾಕ್ಟರ ಅಪ್ಪಣೆ. ನಾನು ಶಾಪ ಹಾಕಿದೆನೆಂದು ಅವಳ ಕಣ್ಣು ಹೇಳುತ್ತಿತ್ತು. ಪುಣ್ಯಕ್ಕೆ ಬಾಯಿ ಹೇಳುವಂತಿರಲಿಲ್ಲ.

ಶನಿವಾರ ಎಲ್ಲರೂ ಬಟ್ಟೆ ಒಯ್ಯುವ ದಿನ. ಒಂದು ಅಂಗಿ ಅದಲುಬದಲಾದರೂ ಆ ಮನೆಯವರು ರಸ್ತೆ ದಾಟಿದಂತೆಯೇ. ಶುಕ್ರವಾರ ಬೆಳಗ್ಗೆಯಿಂದ ಪುಸ್ತಕ ನೋಡಿ ನೋಡಿ ಗಂಟು ಕಟ್ಟಿದೆ. ಕೊನೆಗೆ ಹನ್ನೊಂದು ಅಂಗಿ ಉಳಿದವು. ಅವುಗಳ ಗುರುತು ನನ್ನ ಪುಸ್ತಕದಲ್ಲಿರಲಿಲ್ಲ. ತೋಳಿಗೆ ಹಾಕಿಕೊಂಡು ಅಂಗಡಿಯ ಹಿಂದಿದ್ದ ಮನೆಗೆ ಹೋದೆ. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಬೈಯೋದಿದ್ರೆ ಆಮೇಲೆ ಬೈಯಿ ಅತ್ತೆ. ಇದು ಯಾರ್ದು ಅಂತ ಮೊದಲು ಹೇಳು."

ಪುಸ್ತಕವನ್ನು ನೋಡಿ ಮೂಗು ಅರಳಿಸಿದಳು. ನೀಲಿ ದಾರದ ಎರಡು ಅಡ್ಡಗೆರೆ ತೋರಿಸಿದೆ. ಮೆಲ್ಲಗೆ ಎದ್ದು ಕೂತಳು. ಕಣ್ಣು ಅರೆ ಮುಚ್ಚಿ ತಲೆ ತೂಗಿಸಿದಳು.

"ನಿದ್ದೆ ಹೊಡೆಯೋ ವಾಚ್‌ಮನ್ನಾ?"

ಹೌದೆಂದು ತಲೆಯಾಡಿಸಿದಳು. ಮುಂದಿನದಕ್ಕೆ ಮೂಗು ಹಿಡಿದುಕೊಂಡಳು.

"ಮೀನಿನ ಅಂಗಡಿಯವನು!"

ಅದರ ಮುಂದಿನದಕ್ಕೆ ಇಲ್ಲದ ಮೀಸೆ ತಿರುವಿ, ಎದೆ ಸೆಟೆಸಿ, ತಟಕ್ಕನೆ ದಿಂಬಿನ ಹಿಂದೆ ಅಡಗಿದಳು.

"ಪೇಂಟರ್! ಹೆಂಡ್ತಿ ಕಂಡ್ರೆ ನಡುಗ್ತಾನಲ್ಲ, ಅವನೇ!"

ಅವಳಿಗೆ ನಗು ಬಂತು. ನಗಲಾರದೆ ಕೆನ್ನೆ ಹಿಡಿದುಕೊಂಡು ನರಳಿದಳು, ನರಳುತ್ತಲೇ ಅಲುಗಾಡಿದಳು. ನಾನು ನೆಲದ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕೆ. ಎಷ್ಟು ವರ್ಷವಾಗಿತ್ತೋ ಹಾಗೆ ನಕ್ಕು. ಹತ್ತು ಗುರುತು ಬರೆದದ್ದಾಯಿತು. ಹನ್ನೊಂದನೆಯದನ್ನು ಅವಳು ತಿರುಗಿಸಿ ಮುರುಗಿಸಿ ನೋಡಿದಳು, ಸಪ್ಪೆ ಮುಖ ಮಾಡಿ ಕೈ ಆಡಿಸಿದಳು. ಅವಳಿಗೇ ಮರೆತಿತ್ತು. ಆಮೇಲೆ ಅವಳು ನನ್ನ ಪುಸ್ತಕವನ್ನು ನೋಡಿದ ರೀತಿಯೇ ಬೇರೆ.

ಶನಿವಾರ ಹತ್ತು ಗಂಟೆಗೆ ಕರೆಂಟು ಹೋಯಿತು. ಮೂರನೇ ಪುಟದ ಪ್ರಕಾರ ಅಟ್ಟದ ಇದ್ದಿಲು ಇಸ್ತ್ರಿ ಪೆಟ್ಟಿಗೆ ಇಳಿಸಿದೆ. ಇದ್ದಿಲನ್ನು ಮೊದಲೇ ತಂದಿಟ್ಟಿದ್ದೆ. ಎದುರಿನ ಮೆಷಿನ್‌ಗಳು ಬಾಯಿ ಬಿಟ್ಟುಕೊಂಡು ನಿಂತಿದ್ದವು. ಸಂಜೆಯೊಳಗೆ ಅರವತ್ತೊಂಬತ್ತು ಗಂಟು ಸರಿಯಾಗಿ ಹೋದವು. ಉಳಿದದ್ದು ಒಂದು ಅಂಗಿ, ಕೊನೆಗೆ ಬಂದವನು ಕ್ಷೌರದವನು ಒಬ್ಬನೇ. ಗುರುತಿನ ಮುಂದೆ ಅವನ ಹೆಸರು ಬರೆದುಕೊಂಡೆ.

ಸೋಮವಾರ ಅತ್ತೆ ಕೌಂಟರಿಗೆ ಬಂದಳು. ಅರ್ಧ ಕೆನ್ನೆ ಇನ್ನೂ ಊದಿತ್ತು. ನಾಲಿಗೆ ಪೂರ್ತಿ ಗುಣವಾಗಿತ್ತು. ಅದೇ ಹೆಡ್‌ಮೇಷ್ಟ್ರು, ಅದೇ ನರ್ಸಮ್ಮ ನಿಂತಿದ್ದರು.

"ಲೋ ಗೂಬೆ! ಒಂದೇ ಒಂದು ಪುಸ್ತಕ ಇಟ್ಕೊಂಡು ಕೂತಿದ್ದೀಯಲ್ಲ, ಅದು ನೀರಲ್ಲಿ ಬಿದ್ರೆ? ಸುಟ್ಟು ಹೋದ್ರೆ? ನಿಂಗೇ ಜ್ವರ ಬಂದ್ರೆ? ಇನ್ನೊಂದು ಬರೆದು ಮನೇಲಿಡಬೇಕು ಅನ್ನೋ ಬುದ್ಧಿ ಬೇಡ್ವಾ? ಎಲ್ಲಾ ನಾನೇ ಹೇಳ್ಕೊಡಬೇಕು!"

ನನ್ನ ಹೊಟ್ಟೆಯೊಳಗಿನ ಕೆಂಡಕ್ಕೆ ಯಾರೋ ತಣ್ಣೀರು ಚಿಮುಕಿಸಿದಂತಾಯಿತು. ಹೊಸ ನೋಟ್‌ಬುಕ್ ತರಲು ಚಪ್ಪಲಿ ಮೆಟ್ಟಿದೆ.

ಅಷ್ಟರಲ್ಲಿ ಹೆಡ್‌ಮೇಷ್ಟ್ರು ತಮ್ಮ ಅಂಗಿಯ ಕಾಲರ್ ಮಗುಚಿ, ಕನ್ನಡಕ ಏರಿಸಿಕೊಂಡರು. "ಏನಯ್ಯಾ, ಪುಸ್ತಕದಲ್ಲಿ ಎಲ್ಲರ ಗುರುತೂ ಇದೆಯಂತಲ್ಲ. ಈ ಕೆಂಪು ಸೊನ್ನೆ ಯಾಕೆ? ನಾನು ಹುಡುಗರಿಗೆ ಸೊನ್ನೆ ಹಾಕ್ತೀನಿ ಅಂತಲಾ? ಅರ್ಥ ಹೇಳು, ಕೇಳೋಣ."

ಅವರ ಬೆನ್ನ ಹಿಂದೆ ಅತ್ತೆಯ ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಹಾಗೇ ನಿಂತಿತು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು, ಏಳನೇ ಕ್ಲಾಸಿನಿಂದಲೂ ಇತ್ತು. ರಸ್ತೆಯಾಚೆಯ ಬೋರ್ಡನ್ನು ಒಮ್ಮೆ ನೋಡಿದೆ, ಅತ್ತೆಯ ಊದಿದ ಕೆನ್ನೆಯನ್ನು ಒಮ್ಮೆ ನೋಡಿದೆ.

"ಹೇಳಯ್ಯಾ, ಬಾಯಿಲ್ವಾ?" ಎಂದರು ಮೇಷ್ಟ್ರು.

ನಾನು ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು, ಮೆಟ್ಟಿಲಿಳಿದು, ನೋಟ್‌ಬುಕ್ ಅಂಗಡಿಯ ಕಡೆಗೆ ನಡೆದೆ.