ಹದಿನೇಳನೇ ನಂಬರಿನ ಹಿಂದಿನ ಸೀಟು

ನಮ್ಮ ಬೀದಿಯಲ್ಲಿ ನನ್ನ ಗಂಡನ ಹೆಸರು ಯಾರಿಗೂ ನೆನಪಿಲ್ಲ. ಮೂವತ್ತೊಂದು ವರ್ಷ ಹದಿನೇಳನೇ ನಂಬರಿನ ಸಿಟಿ ಬಸ್ಸನ್ನು ಡಿಪೋದಿಂದ ಸ್ಟೇಷನ್ನಿಗೆ, ಸ್ಟೇಷನ್ನಿನಿಂದ ಡಿಪೋಗೆ ಓಡಿಸಿದ ಮನುಷ್ಯ. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಹದಿನೇಳನೇ ನಂಬರು. ನಾನು ಅವರ ಹೆಂಡತಿ, ಹಾಲ್‌ನ ಮೂಲೆಯಲ್ಲಿ ಮಷೀನ್ ಇಟ್ಟುಕೊಂಡು ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿಯುವವಳು. ನನಗೂ ಒಂದು ಅಡ್ಡಹೆಸರಿದೆ, ರೇಡಿಯೋ. ಇಟ್ಟವರು ಇವರೇ. ನಾನು ಮಾತು ಜಾಸ್ತಿ ಆಡುತ್ತೇನಂತೆ. ಆಡುತ್ತೇನೆ, ಅದರಲ್ಲೇನು? ಮನೆಯಲ್ಲಿರುವುದು ಇಬ್ಬರು. ಅದರಲ್ಲಿ ಒಬ್ಬರು ದಿನಕ್ಕೆ ಹತ್ತು ಮಾತು ಎಣಿಸಿ ಆಡುವವರಾದರೆ ಉಳಿದದ್ದನ್ನೆಲ್ಲ ಇನ್ನೊಬ್ಬರೇ ಆಡಬೇಕು.

ಇವರು ರಿಟೈರಾಗಿ ಎರಡು ವರ್ಷವಾಯಿತು. ಈ ವಸಂತದಲ್ಲಿ ಬೆಟ್ಟದ ಮೇಲಿನ ರಾಷ್ಟ್ರೀಯ ಉದ್ಯಾನಕ್ಕೆ ಹೋಗೋಣ ಎಂದು ಮೊದಲು ಬಾಯಿ ಬಿಟ್ಟವರೂ ಇವರೇ. ಚಳಿಗಾಲವಿಡೀ ಹಿಮ ಬಿದ್ದು ಮುಚ್ಚಿರುವ ರಸ್ತೆಯನ್ನು ವಸಂತದ ಮೊದಲ ವಾರದಲ್ಲಿ ತೆರೆಯುತ್ತಾರಂತೆ. ಹಿಮ ಕರಗಿದಲ್ಲೆಲ್ಲ ಹಳದಿ ಹೂ, ಬಂಡೆಗಳ ಮೇಲೆ ಕಾಡುಮೇಕೆ. ಬೇರೆ ಊರಿನ ಶಾಲೆಯಲ್ಲಿ ಗಣಿತ ಹೇಳಿಕೊಡುವ ನಮ್ಮ ಮಗಳು ಬಾಡಿಗೆಗೆ ಒಂದು ಮೋಟರ್‌ಹೋಮ್ ಹುಡುಕಿದಳು. ಒಳಗೇ ಒಲೆ, ಒಳಗೇ ಹಾಸಿಗೆ, ಒಳಗೇ ಬಚ್ಚಲು. "ಅಪ್ಪ ಓಡಿಸ್ತಾರೆ, ನೀನು ಮಾತಾಡು, ಇನ್ನೇನು ಬೇಕು ನಿಮಗೆ?" ಎಂದಳು.

ಮೂರು ದಿನದಲ್ಲಿ ಇವರು ಟೈಮ್‌ಟೇಬಲ್ ತಯಾರು ಮಾಡಿದರು. ಪೆಟ್ರೋಲ್ ಬಂಕ್ 8.20, ನಿಲುಗಡೆ ಆರು ನಿಮಿಷ. ಉದ್ಯಾನದ ಗೇಟು 11.10. ಹಿಮ ನೋಡುವುದು 11.40ರಿಂದ 11.55. ಕಾಡುಮೇಕೆ, ಸಂಜೆ 4.15.

"ಮೇಕೆಗಳಿಗೆ ಹೇಳಿ ಕಳಿಸಿದ್ದೀರಾ?" ಎಂದೆ.

"ಬಂದ್ರೆ ನೋಡೋಣ, ಇಲ್ಲಾಂದ್ರೆ 4.25ಕ್ಕೆ ಹೊರಡೋಣ" ಎಂದರು. ತಮಾಷೆಗೆ ಹೇಳಿದ್ದಲ್ಲ.

ಟ್ರಯಲ್ ನೋಡದೆ ನಾನು ಯಾರ ಕೋಟನ್ನೂ ಕೊಟ್ಟವಳಲ್ಲ. ಗಾಡಿಗೂ ಒಂದು ಟ್ರಯಲ್ ಆಗಲಿ ಎಂದು, ಮಗಳು ಕಳಿಸಿದ ಅಳತೆ ಹಿಡಿದು ಟೈಲರ್ ಚಾಕ್‌ನಲ್ಲಿ ಇಡೀ ಗಾಡಿಯನ್ನು ಹಾಲ್‌ನ ನೆಲದ ಮೇಲೆ ಬರೆದೆ. ಏಳು ಅಡಿ ಅಗಲ, ಇಪ್ಪತ್ತೊಂದು ಅಡಿ ಉದ್ದ. ನಮ್ಮ ಹಾಲ್ ಇರುವುದು ಹದಿನೇಳು ಅಡಿ. ಹಾಗಾಗಿ ಹಾಸಿಗೆ ಹೊಸಲು ದಾಟಿ ಅಡುಗೆಮನೆಗೆ ಹೋಯಿತು. ಮುಂದೆ ಬಲಗಡೆ ಡ್ರೈವರ್ ಸೀಟು, ಎಡಗಡೆ ಇನ್ನೊಂದು ಸೀಟು. ಡ್ರೈವರ್ ಬೆನ್ನ ಹಿಂದೆ, ಬಲಗಡೆಯ ಗೋಡೆಗೆ ಹೊಂದಿಕೊಂಡಂತೆ ಒಂದು ಬೆಂಚು, ಅದರ ಮುಂದೆ ಪುಟ್ಟ ಟೇಬಲ್ಲು. ಅವತ್ತಿನಿಂದ ಇವರು ಮನೆಯಲ್ಲಿ ಓಡಾಡುವಾಗಲೂ ಚಾಕ್‌ನ ಬಾಗಿಲಿನಿಂದಲೇ ಒಳಗೆ ಬರುವುದು, ಅದೇ ಬಾಗಿಲಿನಿಂದ ಹೊರಗೆ ಹೋಗುವುದು.

ಇಷ್ಟರವರೆಗೆ ಎಲ್ಲ ಚೆನ್ನಾಗಿತ್ತು. ಜಗಳ ಶುರುವಾದದ್ದು ಸೀಟಿನ ವಿಷಯಕ್ಕೆ.

"ನಾನು ಇಲ್ಲಿ ಕೂತ್ಕೋತೀನಿ" ಎಂದು ಎಡಗಡೆಯ ಸೀಟಿನೊಳಗೆ ನಿಂತೆ.

"ಬೇಡ. ನೀನು ಹಿಂದೆ, ಬೆಂಚಲ್ಲಿ ಕೂತ್ಕೋ. ಅಲ್ಲಿ ಆರಾಮ."

"ಮುಂದಿನ ಸೀಟು ಖಾಲಿ ಹೋಗಬೇಕಾ?"

"ಅಲ್ಲಿ ಊಟದ ಬುಟ್ಟಿ ಇಡೋಣ."

ನನ್ನ ಮೈ ಉರಿದು ಹೋಯಿತು. ಯಾಕೆ ಎಂದು ತಿಳಿಯಬೇಕಾದರೆ ಒಂದು ಹಳೆಯ ಕತೆ ಹೇಳಬೇಕು. ಮದುವೆಯಾದ ಹೊಸತರಲ್ಲಿ, ಗಂಡ ಬಸ್ಸು ಓಡಿಸುವುದನ್ನು ನೋಡಬೇಕೆಂಬ ಹಂಬಲಕ್ಕೆ ಒಂದು ಮಧ್ಯಾಹ್ನ ನಾನು ಹದಿನೇಳನೇ ನಂಬರು ಹತ್ತಿದೆ. ಮುಂದೆ ಹೋಗಿ, ಕಂಬಿ ಹಿಡಿದು ನಿಂತು, "ಊಟ ಆಯ್ತಾ?" ಎಂದು ಕೇಳಿದೆ. ಇವರು ತಿರುಗಲಿಲ್ಲ. ಒಂದು ಬೆರಳೆತ್ತಿ ಮೇಲಿದ್ದ ಬೋರ್ಡು ತೋರಿಸಿದರು: ಚಾಲಕರೊಂದಿಗೆ ಮಾತನಾಡಬಾರದು. ಹಿಂದಿದ್ದ ಹೆಂಗಸರೆಲ್ಲ ಕಿಸಕ್ಕೆಂದರು. ಮುಂದಿನ ಸ್ಟಾಪಿನಲ್ಲಿ ಇಳಿದು ಎರಡು ಮೈಲಿ ನಡೆದು ಮನೆಗೆ ಬಂದೆ. ಅದಾದ ಮೇಲೆ ಜಪ್ಪಯ್ಯ ಅಂದರೂ ಆ ಬಸ್ಸು ಹತ್ತಲಿಲ್ಲ. ಸ್ಟೇಷನ್ನಿಗೆ ಹೋಗಬೇಕಾದಾಗಲೆಲ್ಲ ಒಂಬತ್ತನೇ ನಂಬರಿನಲ್ಲಿ ಸುತ್ತಿ ಬಳಸಿ ಹೋಗುತ್ತಿದ್ದೆ. ಈಗ ಕೊನೆಗೂ ಇವರ ಗಾಡಿಯಲ್ಲಿ ಬೋರ್ಡಿಲ್ಲ, ಪ್ಯಾಸೆಂಜರ್ ಇಲ್ಲ. ಒಂದೇ ಒಂದು ಸಲ ಇವರ ಪಕ್ಕದಲ್ಲಿ ಕೂತು, ದಾರಿಯುದ್ದಕ್ಕೂ ಮಾತಾಡಿಕೊಂಡು ಬೆಟ್ಟ ಹತ್ತಬೇಕು ಎನ್ನುವುದು ನನ್ನ ಆಸೆ. ಹಿಮ, ಹೂ, ಮೇಕೆ ಎಲ್ಲ ಆಮೇಲಿನ ಮಾತು. ಆ ಸೀಟಿಗೆ ಇವರು ಊಟದ ಬುಟ್ಟಿ ಕೂರಿಸುತ್ತಾರಂತೆ.

"ಮುಂದಿನ ಸೀಟು ಇಲ್ಲದಿದ್ರೆ ನಾನು ಬರೋದಿಲ್ಲ. ನೀವೂ ಬುಟ್ಟಿನೂ ಹೋಗಿ ಬನ್ನಿ" ಎಂದು ಪಟ್ಟು ಹಿಡಿದೆ.

ಶುಕ್ರವಾರ ಮಗಳ ಫೋನು ಬಂತು. ಗಾಡಿ ಬೇಕೋ ಬೇಡವೋ, ಭಾನುವಾರ ಸಂಜೆ ಐದರೊಳಗೆ ಹೇಳಬೇಕು, ತಪ್ಪಿದರೆ ಬೇರೆಯವರಿಗೆ ಕೊಡುತ್ತಾರೆ ಎಂದಳು. "ಇನ್ನೊಂದು ವಿಷಯ ಅಪ್ಪಾ, ಗಾಡಿಯ ರೇಡಿಯೋ ಕೆಟ್ಟಿದೆಯಂತೆ. ಬೇಕಾದ್ರೆ ರಿಪೇರಿ ಮಾಡಿಸಿ ಕೊಡ್ತಾರೆ."

"ಬೇಡ ಬೇಡ. ನಮ್ಮದಿದೆ" ಎಂದರು ಇವರು.

ಮಗಳು ಆ ಕಡೆ ನಕ್ಕಳು. ನಾನು ಮುಖ ಊದಿಸಿಕೊಂಡು ಕಾಜ ಹೊಲಿಯುತ್ತ ಕೂತೆ. ರೇಡಿಯೋವನ್ನು ಹಿಂದಿನ ಬೆಂಚಿಗೆ ತಳ್ಳುತ್ತಾರಂತೆ, ಮೇಲೆ ಇದೊಂದು ಕೇಡು.

ಶನಿವಾರ ಗ್ರಂಥಾಲಯದ ಮೇಡಂ ಕೋಟಿನ ಟ್ರಯಲ್‌ಗೆ ಬಂದರು. ಪಾಪ, ಅವರಿಗೇನು ಗೊತ್ತು, ಸೀದಾ ನಡೆದು ಬಂದರು.

"ಗೋಡೆ, ಗೋಡೆ!" ಎಂದು ಇವರು ಕೂಗಿದರು.

ಮೇಡಂ ಹೆದರಿ ನಿಂತಲ್ಲೇ ನಿಂತರು. ನಾನು ವಿಷಯ ಹೇಳಿದ ಮೇಲೆ ನಗುತ್ತ ಎರಡು ಹೆಜ್ಜೆ ಹಿಂದೆ ಸರಿದು ಬಾಗಿಲಿನಿಂದಲೇ ಬಂದರು. ತೋಳಿಗೆ ಪಿನ್ನು ಹಾಕುತ್ತಿದ್ದೆ, ಇವರು ಮತ್ತೆ ಶುರು ಮಾಡಿದರು. "ಮೇಡಂ, ಬೇಜಾರು ಮಾಡ್ಕೋಬೇಡಿ, ಕಾಲು ಸ್ವಲ್ಪ ಆ ಕಡೆ ಇಡ್ತೀರಾ? ಅಲ್ಲೊಂದು ಗುರುತಿದೆ."

ನೋಡಿದರೆ ಬೆಂಚಿನ ಮೇಲೆ, ಡ್ರೈವರ್ ಸೀಟಿಗೆ ತೀರಾ ಹತ್ತಿರದ ತುದಿಯಲ್ಲಿ, ಒಂದು ಪುಟ್ಟ ಗುಣಾಕಾರದ ಗುರುತು. ನಾನು ಬರೆದದ್ದಲ್ಲ. ಇವರೇ ಬರೆದದ್ದು. ಮೇಡಂ ಚಪ್ಪಲಿಗೆ ಅರ್ಧ ಅಳಿಸಿತ್ತು.

"ಏನ್ರೀ ಅದು?"

"ಏನಿಲ್ಲ" ಎಂದರು. ಮೇಡಂ ಹೋದ ಮೇಲೆ ನನ್ನ ಟೇಪು, ನನ್ನ ಚಾಕ್ ತೆಗೆದುಕೊಂಡು, ಮೊಣಕಾಲೂರಿ ಅಳೆದು, ಅದೇ ಜಾಗಕ್ಕೆ ಮತ್ತೆ ಗುರುತು ಹಾಕಿದರು. ನನ್ನನ್ನು ಕೂರಿಸುವ ಜಾಗಕ್ಕೂ ಅಳತೆ ಬೇರೆ ಎಂದು ನನ್ನ ಸಿಟ್ಟು ಇನ್ನೂ ಎರಡು ಗೇಣು ಏರಿತು.

ಭಾನುವಾರ ಮಧ್ಯಾಹ್ನ ಇವರು ಡ್ರೈವರ್ ಸೀಟಿನಲ್ಲಿ ಊಟದ ಕುರ್ಚಿ ಹಾಕಿಕೊಂಡು ಬೆಟ್ಟದ ತಿರುವುಗಳ ಅಭ್ಯಾಸಕ್ಕೆ ಕೂತರು. ತೊಡೆಯ ಮೇಲೆ ನಕ್ಷೆ, ಕೈಯಲ್ಲಿ ಇಲ್ಲದ ಸ್ಟಿಯರಿಂಗು. ನನಗೂ ಹಟ. ಬಚ್ಚಲಿಗೆ ಹೋಗಿ ಬಟ್ಟೆ ಹಿಂಡಲು ವಾಷಿಂಗ್ ಮಷೀನ್ ಹಾಕಿದೆ. ನಮ್ಮದು ಹಳೆಯದು, ಬಟ್ಟೆ ಹಿಂಡುವಾಗ ಇಡೀ ಮನೆ ನಡುಗುತ್ತದೆ. "ಎಂಜಿನ್ ಇಲ್ಲದೆ ಎಂಥಾ ಗಾಡಿ?" ಎಂದುಕೊಂಡು ಸ್ಟೂಲು ಎಳೆದು, ಎಡಗಡೆಯ ಸೀಟಿನಲ್ಲಿ ಕೂತೇಬಿಟ್ಟೆ. ಇವರು ಕಣ್ಣಂಚಿನಲ್ಲಿ ನೋಡಿ ಮತ್ತೆ ನಕ್ಷೆಗೆ ತಿರುಗಿದರು.

"ಮೇಲೆ ತುಂಬಾ ಚಳಿ ಇರುತ್ತಾ ರೀ?"

ಸ್ಟಿಯರಿಂಗು ಎಡಕ್ಕೆ ತಿರುಗಿತು.

"ನಿಮ್ಮ ಉಣ್ಣೆ ಟೋಪಿ ಎಲ್ಲಿಟ್ಟಿದ್ದೀರಿ?"

ಸ್ಟಿಯರಿಂಗು ಬಲಕ್ಕೆ ತಿರುಗಿತು. ನೋಡಿ, ಬೋರ್ಡಿಲ್ಲದಿದ್ದರೂ ಬುದ್ಧಿ ಬಿಟ್ಟಿಲ್ಲ ಎಂದುಕೊಂಡೆ. ಇಷ್ಟು ವರ್ಷದ ಸಿಟ್ಟೆಲ್ಲ ಒಟ್ಟಿಗೆ ಬಂತು. "ಗಾಡಿ ನಿಲ್ಲಿಸಿ, ನಾನು ಇಳೀತೀನಿ!" ಎಂದೆ. ಇವರು ಗೇರು ಬದಲಾಯಿಸಿದರು. ಆಗ ನಾನು ಕೊನೆಯ ಅಸ್ತ್ರ ತೆಗೆದೆ. ಯಾರು ಏನೇ ಅಂದರೂ ಸಹಿಸುವ ಇವರು ಒಂದೇ ಒಂದು ಮಾತು ಸಹಿಸುವುದಿಲ್ಲ.

"ನಿಮ್ಮ ಹದಿನೇಳನೇ ನಂಬರು ದಿನಾ ಲೇಟಾಗಿ ಬರ್ತಿತ್ತು."

ಇವರು ಎದುರಿನ ಗೋಡೆ ನೋಡುತ್ತ, ಯಾವುದೋ ತಿರುವು ಸಲೀಸಾಗಿ ದಾಟಿದ ಖುಷಿಗೆ ಸಣ್ಣಗೆ ನಕ್ಕರು.

ಆ ಮಾತು ಕೇಳಿದ ಮೇಲೂ ಇವರು ನಗುವುದುಂಟೆ? ಒಮ್ಮೆ ಪಕ್ಕದ ಮನೆಯ ಕಾಂಪೌಂಡರ್ ಅದೇ ಮಾತು ಅಂದದ್ದಕ್ಕೆ ಮೂರು ತಿಂಗಳು ಅವನ ಮುಖ ನೋಡಿರಲಿಲ್ಲ. ಇವರು ಬೋರ್ಡಿನ ನಿಯಮ ಪಾಲಿಸುತ್ತಿರಲಿಲ್ಲ. ಇವರಿಗೆ ಕೇಳಿಸಿರಲೇ ಇಲ್ಲ.

ಕೂತಲ್ಲೇ ಒಂದೊಂದಾಗಿ ನೆನಪಾಯಿತು. ಈಚೆಗೆ ರಸ್ತೆಯಲ್ಲಿ ನಡೆಯುವಾಗ ಇವರು ಸುತ್ತು ಬಂದು ನನ್ನ ಎಡಕ್ಕೇ ಸೇರಿಕೊಳ್ಳುವುದು, ನಾನು ಇವರ ಬಲಕ್ಕಿರಲಿ ಎಂದು. ಊಟದ ಟೇಬಲ್ಲಿನಲ್ಲಿ ಎಡಕ್ಕೆ ಗೋಡೆ ಬರುವ ಕುರ್ಚಿಯೇ ಬೇಕೆಂದು ಮಗುವಿನ ಹಾಗೆ ಹಟ ಮಾಡುವುದು. ಫೋನು ಎಡಗೈಯಲ್ಲಿ ಎತ್ತಿಕೊಂಡರೂ ಬಲಗಿವಿಗೇ ಹಿಡಿಯುವುದು. ನಾನು ಎಲ್ಲವನ್ನೂ ರಿಟೈರಾದವರ ಚಾಳಿ ಎಂದು ಬೀದಿಗೆಲ್ಲ ಹೇಳಿ ನಗಾಡಿದ್ದೆ. ನನಗೆ ನನ್ನ ಮೇಲೇ ಸಿಟ್ಟು ಬಂತು.

ಎದ್ದು ಹೋಗಿ ಮಷೀನ್ ನಿಲ್ಲಿಸಿದೆ. ಬಂದು ಇವರ ಎದುರಿಗೆ, ಎಂಜಿನ್ನಿನ ಜಾಗದಲ್ಲೇ ನಿಂತೆ.

"ಯಾವಾಗಿಂದ ರೀ, ಎಡಗಿವಿ?"

ಇವರು ಸ್ಟಿಯರಿಂಗಿನಿಂದ ಕೈ ತೆಗೆದರು. ನಕ್ಷೆ ಮಡಚಿದರು, ಬಿಡಿಸಿದರು.

"ಒಂದೂವರೆ ವರ್ಷ ಆಯ್ತು. ಬಸ್ಸಲ್ಲಿ ಎಂಜಿನ್ ಪೆಟ್ಟಿಗೆ ಎಡಗಡೆನೇ ಇತ್ತಲ್ಲ, ದಿನಾ ಕಿವಿ ಪಕ್ಕ. ಡಾಕ್ಟರಿಗೆ ತೋರಿಸಿದೆ. ಬಲಗಿವಿ ಗಟ್ಟಿಯಾಗಿದೆ, ಗಾಡಿ ಓಡಿಸಬಹುದು ಅಂತ ಬರೆದೇ ಕೊಟ್ಟಿದ್ದಾರೆ. ಚೀಟಿ ಬೀರುವಿನಲ್ಲಿದೆ, ನೋಡು ಬೇಕಾದ್ರೆ."

"ನನ್ನ ಹತ್ತಿರ ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದ್ರೆ ನೀನು ಮಾತು ಕಮ್ಮಿ ಮಾಡ್ತಿದ್ದೆ" ಎಂದರು. "ಇವರಿಗೆ ಸರಿಯಾಗಿ ಕೇಳಿಸಲ್ಲ, ಎರಡೆರಡು ಸಲ ಯಾಕೆ ಹೇಳಬೇಕು ಅಂತ. ಆಮೇಲೆ ಒಂದು ದಿನ ಪೂರ್ತಿ ನಿಲ್ಲಿಸಿಬಿಡ್ತಿದ್ದೆ. ಈ ಮನೆ ಸುಮ್ಮನಾಗಿಬಿಟ್ರೆ ನಾನು ಇಲ್ಲಿ ಕೂತು ಏನು ಮಾಡಲಿ?"

ದಿನಕ್ಕೆ ಹತ್ತು ಮಾತಿನ ಮನುಷ್ಯ ಒಂದೇ ಉಸಿರಿಗೆ ಒಂದು ವಾರದ ಮಾತು ಮುಗಿಸಿದ್ದರು. ನನಗೆ ಅಳು ಬಂತು. ಚಾಕ್ ಮೆತ್ತಿದ ಕೈಯಲ್ಲಿ ಕಣ್ಣೊರೆಸಿಕೊಂಡು ಮುಖವೆಲ್ಲ ಬಿಳಿ ಮಾಡಿಕೊಂಡೆ. ಇವರು ಬಗ್ಗಿ, ಬೆಂಚಿನ ಮೇಲಿದ್ದ ಗುರುತನ್ನು ಬೆರಳಿನಲ್ಲಿ ತೋರಿಸಿದರು.

"ಅಳೆದು ನೋಡಿದ್ದೀನಿ. ಅಲ್ಲಿ ಕೂತ್ರೆ ನಿನ್ನ ಬಾಯಿಗೂ ನನ್ನ ಬಲಗಿವಿಗೂ ಎರಡೂವರೆ ಅಡಿ, ಅಷ್ಟೇ. ಎಂಜಿನ್ ಎಷ್ಟೇ ಕೂಗಿದ್ರೂ ಪೂರ್ತಿ ಕೇಳಿಸುತ್ತೆ. ಒಳಗಿನ ಕನ್ನಡೀಲಿ ಮುಖಾನೂ ಕಾಣುತ್ತೆ. ಮುಂದೆ, ಎಡಗಡೆ ಕೂತ್ರೆ ಬೆಟ್ಟದ ತುದಿವರೆಗೂ ನೀನು ಮಾತಾಡ್ತಾನೇ ಇರ್ತೀಯ, ನನಗೆ ಒಂದು ಅಕ್ಷರನೂ ಸಿಗಲ್ಲ."

ಬಚ್ಚಲಿಗೆ ಹೋಗಿ ಮಷೀನ್ ಮತ್ತೆ ಹಾಕಿದೆ. ಚಾಕ್‌ನ ಬಾಗಿಲಿನಿಂದಲೇ ಒಳಗೆ ಬಂದು, ಸ್ಟೂಲನ್ನು ಎತ್ತಿ, ಆ ಗುರುತಿನ ಮೇಲೆ ಸರಿಯಾಗಿ ಇಟ್ಟು ಕೂತೆ. ಇವರು ಮತ್ತೆ ಸ್ಟಿಯರಿಂಗು ಹಿಡಿದರು. ಮನೆ ನಡುಗತೊಡಗಿತು. ನಾನು ದನಿ ಏರಿಸಲಿಲ್ಲ.

"ರೀ, ನಿಮ್ಮ ಹದಿನೇಳನೇ ನಂಬರು ದಿನಾ ಲೇಟಾಗಿ ಬರ್ತಿತ್ತು."

ಇವರು ಎರಡೂ ಕಾಲು ನೆಲಕ್ಕೊತ್ತಿ ಬ್ರೇಕು ಹಾಕಿದರು. ಕುರ್ಚಿ ಕಿರ್ರೆಂದಿತು.

"ಯಾರೇ ಹೇಳಿದ್ದು? ಯಾವತ್ತು ಲೇಟಾಗಿತ್ತು? ತಾರೀಖು ಹೇಳು!"

"ಡ್ರೈವರ್ ಹತ್ತಿರ ಮಾತಾಡಬಾರದಲ್ವಾ?"

"ಆ ಬೋರ್ಡು ಡಿಪೋದಲ್ಲೇ ಇದೆ. ನೀನು ತಾರೀಖು ಹೇಳು ಮೊದಲು. ಹತ್ತಿದ್ದೇ ಒಂದು ಸಲ, ಅದೂ ಒಂದೇ ಸ್ಟಾಪು!"

ಇವರಿಗೆ ಅದೂ ನೆನಪಿತ್ತು. ನಾನು ನಗುತ್ತ ಒಂದು ತಾರೀಖು ಹುಟ್ಟಿಸಿ ಹೇಳಿದೆ. ಅದು ಭಾನುವಾರವೆಂದೂ ಅವತ್ತು ತಮ್ಮ ರಜೆಯೆಂದೂ ಇವರು ವಾದಕ್ಕೆ ಇಳಿದರು. ಐದಕ್ಕೆ ಹತ್ತು ನಿಮಿಷವಿರುವಾಗ ಮಗಳ ಫೋನು ಬಂದಾಗಲೂ ನಾವಿನ್ನೂ ಬೆಟ್ಟದ ಅರ್ಧದಲ್ಲೇ ನಿಂತು ಜಗಳವಾಡುತ್ತಿದ್ದೆವು.

"ಅಮ್ಮಾ, ಏನು ಹೇಳಲಿ ಗಾಡಿಯವರಿಗೆ?"

"ಬೇಕು ಅಂತ ಹೇಳು" ಎಂದೆ. "ರೇಡಿಯೋ ರಿಪೇರಿ ಮಾಡಿಸೋದು ಬೇಡ ಅಂತಾನೂ ಹೇಳು. ನಮ್ಮದಿದೆ."